ಎರಡೂ ಕಿಡ್ನಿಯಲ್ಲಿ ಗಡ್ಡೆ: ಆಪರೇಷನ್‌ಗೆ ಮುಂಚೆ 3ಡಿ ಚಿತ್ರ ಬೇಕಾ?

ಪ್ರಶ್ನೆ: ಮಗಳಿಗೆ 3 ವರ್ಷ. ಎರಡೂ ಕಿಡ್ನಿಯಲ್ಲಿ ವಿಲ್ಮ್ಸ್ ಗಡ್ಡೆ (ಮಕ್ಕಳ ಕಿಡ್ನಿಗೆ ಬರುವ ಕ್ಯಾನ್ಸರ್) ಇದೆ, ಕೀಮೋ ನಡೀತಿದೆ. ಆಪರೇಷನ್‌ಗೆ ಮುಂಚೆ 3ಡಿ ಚಿತ್ರ ಮಾಡುತ್ತೇವೆ ಎಂದಿದ್ದಾರೆ. ಸಿಟಿ ಸ್ಕ್ಯಾನ್ ಆಗಲೇ ಆಗಿದೆಯಲ್ಲ, ಮತ್ತೆ ರೇಡಿಯೇಷನ್ ಬೇಕಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: 3ಡಿ ಚಿತ್ರಕ್ಕೆ ಅಂತಲೇ ಬೇರೆ ರೇಡಿಯೇಷನ್ ಇಲ್ಲ, ಅಮ್ಮ. ಸಿಟಿ ಅಥವಾ ಎಂಆರ್‌ಐನಲ್ಲಿ ಸಿಕ್ಕ ತೆಳುವಾದ ಪದರಗಳನ್ನೇ ಕಂಪ್ಯೂಟರ್‌ನಲ್ಲಿ ಜೋಡಿಸುತ್ತಾರೆ. ಆದರೆ ಕೀಮೋ ಆದ ಮೇಲೆ ಹೊಸ ಸ್ಕ್ಯಾನ್ ಹೇಗಿದ್ದರೂ ಬೇಕು. ಸಾಮಾನ್ಯವಾಗಿ ಗಡ್ಡೆ ಕುಗ್ಗಿರುತ್ತದೆ, ಜಾಗವೂ ಸ್ವಲ್ಪ ಸರಿದಿರಬಹುದು. ಹಳೇ ಸ್ಕ್ಯಾನ್ ನಂಬಿ ಕತ್ತರಿ ಹಾಕೋಕಾಗಲ್ಲ. ಎಂಆರ್‌ಐ ಆದರೆ ರೇಡಿಯೇಷನ್ನೇ ಇಲ್ಲ. ಇಷ್ಟು ಚಿಕ್ಕ ಮಕ್ಕಳು ಅಲುಗಾಡದೆ ಮಲಗುವುದು ಕಷ್ಟ, ಹಾಗಾಗಿ ನಿದ್ದೆ ಬರಿಸಬೇಕಾಗುತ್ತದೆ, ಅಷ್ಟೇ.

ಇನ್ನು, ಇದು ಬೇಕಾ? ನಿಮ್ಮ ಮಗಳ ವಿಷಯದಲ್ಲಿ ಖಂಡಿತ ಬೇಕು ಅಂತೀನಿ. ಒಂದೇ ಕಿಡ್ನಿಯಲ್ಲಿ ಗಡ್ಡೆ ಇದ್ದರೆ ಸಾಮಾನ್ಯವಾಗಿ ಆ ಕಿಡ್ನಿಯನ್ನೇ ತೆಗೆಯುತ್ತಾರೆ. ಇನ್ನೊಂದು ಕೆಲಸ ಮಾಡುತ್ತದೆ. ಎರಡರಲ್ಲೂ ಇದ್ದಾಗ ಎರಡನ್ನೂ ತೆಗೆದರೆ ಮಗು ಡಯಾಲಿಸಿಸ್‌ಗೆ ಹೋಗಬೇಕಾಗುತ್ತದೆ. ಅದಕ್ಕೇ ಗಡ್ಡೆಯನ್ನಷ್ಟೇ ಬಿಡಿಸಿ, ಒಳ್ಳೆಯ ಭಾಗ ಆದಷ್ಟು ಉಳಿಸಬೇಕು.

ಪರದೆ ಮೇಲೆ ಗಡ್ಡೆಗೆ ಒಂದು ಬಣ್ಣ, ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ಮೂತ್ರ ಸೇರುವ ಒಳಭಾಗಕ್ಕೆ ಹಳದಿ ಕೊಡುತ್ತಾರೆ. ಸರ್ಜನ್ ಅದನ್ನು ತಿರುಗಿಸಿ ಹಿಂದಿನಿಂದಲೂ ನೋಡಬಹುದು. ಕಿಡ್ನಿಗೆ ಬರುವ ರಕ್ತನಾಳ ಎರಡಾಗಿ ಕವಲೊಡೆದು, ಒಂದು ಗಡ್ಡೆಯ ಅಂಚಿಗೆ ತಾಗಿಕೊಂಡೇ ಒಳ್ಳೆಯ ಭಾಗಕ್ಕೆ ಹೋಗುತ್ತಿದೆ ಎನ್ನಿ. ಪದರ ಪದರವಾಗಿ ನೋಡುವಾಗ ಅದು ಸುಮ್ನೆ ಒಂದು ಚುಕ್ಕಿ. 3ಡಿಯಲ್ಲಿ ಅದರ ಪೂರ್ತಿ ದಾರಿ ಕಾಣುತ್ತದೆ. ಅದನ್ನು ಕತ್ತರಿಸಿದರೆ, ಉಳಿಸಬೇಕೆಂದಿದ್ದ ಭಾಗವೇ ಸಾಯುತ್ತದೆ.

ಆದರೂ ಈ ಚಿತ್ರವನ್ನೇ ಪೂರ್ತಿ ನಂಬುವ ಹಾಗಿಲ್ಲ. ಗಡ್ಡೆಯ ಅಂಚನ್ನು ಕಂಪ್ಯೂಟರ್ ಗುರುತಿಸಿದರೂ ರೇಡಿಯಾಲಜಿಸ್ಟ್ (ಸ್ಕ್ಯಾನ್ ನೋಡಿ ಹೇಳುವ ಡಾಕ್ಟರ್) ಒಂದೊಂದು ಪದರವನ್ನೂ ನೋಡಿ ತಿದ್ದಬೇಕು. ಅಲ್ಲಿ ತಪ್ಪಾದರೆ ಚಿತ್ರವೂ ತಪ್ಪು. ಹೊಟ್ಟೆ ತೆರೆದ ಮೇಲೆ ಕಿಡ್ನಿಯನ್ನು ಎತ್ತಿ ತಿರುಗಿಸುವಾಗ ಆಕಾರವೂ ಬದಲಾಗುತ್ತದೆ. ಹಾಗಾಗಿ ಎಷ್ಟೋ ಸರ್ಜನ್‌ಗಳು ಆಪರೇಷನ್ ನಡುವೆಯೇ ಕಿಡ್ನಿ ಮೇಲೆ ಅಲ್ಟ್ರಾಸೌಂಡ್ ಇಟ್ಟು ಅಂಚನ್ನು ಮತ್ತೆ ನೋಡುತ್ತಾರೆ. ಗಡ್ಡೆ ಒಡೆದು ಒಳಗೆ ಚೆಲ್ಲಿದರೆ ಕಾಯಿಲೆಯ ಹಂತವೇ ಮೇಲೇರಿ ಚಿಕಿತ್ಸೆ ಜಾಸ್ತಿಯಾಗುತ್ತದೆ, ಅದಕ್ಕೇ ಇಷ್ಟು ಎಚ್ಚರ.

ಮುಂದಿನ ಸಲ ಹೋದಾಗ ಡಾಕ್ಟರ್‌ಗೆ ಎರಡು ವಿಷಯ ಕೇಳಿ: ಚಿತ್ರ ಮಾಡುವುದು ಯಾವ ತಾರೀಖಿನ ಸ್ಕ್ಯಾನ್‌ನಿಂದ, ಪ್ರತಿ ಕಿಡ್ನಿಯಲ್ಲಿ ಎಷ್ಟು ಉಳಿಯಬಹುದು. ಚಿತ್ರವನ್ನು ನಿಮಗೂ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ.