ಶಾರ್ಜಾದಲ್ಲಿ ನೆರೆ ಬಂದರೆ ಸಹಾಯಕ್ಕೆ ಇಳಿಯಬಹುದಾ?

ತಮ್ಮಾ, ಬದಿಯಡ್ಕದಿಂದ ಶಾರ್ಜಾಕ್ಕೆ ಈಗಷ್ಟೇ ಬಂದಿದ್ದೀಯ. 2024ರ ಹಾಗೆ ಮತ್ತೆ ನೆರೆ ಬಂದರೆ ಚೊಕ್ಕ ಮಾಡುವ ಕೆಲಸಕ್ಕೆ ಹೋಗಬಹುದಾ ಅಂತ ಕೇಳಿದ್ದೀಯ. "ಇಲ್ಲಿ ಯಾವುದಕ್ಕೂ ಕೈ ಹಾಕಬೇಡ, ಪೊಲೀಸರು ಹಿಡಿಯುತ್ತಾರೆ" ಅಂತ ರೂಮಿನವರು ಹೆದರಿಸಿದ್ದಾರಂತೆ. ಹೋಗಬಹುದು ಮಾರಾಯ. ಆದರೆ ಒಬ್ಬನೇ ಹೋಗಬೇಡ, ದುಡ್ಡು ಎತ್ತಬೇಡ.

ಆವತ್ತು, ಅಂದರೆ ಏಪ್ರಿಲ್ 16ರಂದು, ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿ.ಮೀ. ಮಳೆ ಬಿತ್ತು. 1949ರಲ್ಲಿ ಈ ಯುಎಇ ದೇಶದಲ್ಲಿ ಮಳೆ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಷ್ಟು ಬಿದ್ದದ್ದೇ ಇಲ್ಲ. ನಿನಗೆ ನಗು ಬರಬಹುದು. ನಮ್ಮಲ್ಲಿ ಆಟಿ ತಿಂಗಳ ಮಳೆಗಾಲದಲ್ಲಿ ಅಷ್ಟು ಸುರಿದರೆ ಶಾಲೆಗೆ ರಜೆ, ಅಡಿಕೆಗೆ ಮದ್ದು ಬಿಡಲು ಆಗಲಿಲ್ಲ ಅಂತ ಒಂದು ಗೊಣಗಾಟ, ಅಷ್ಟೇ ಅಲ್ವಾ? ಇಲ್ಲಿ ವರ್ಷಕ್ಕೆ 100 ಮಿ.ಮೀ. ಬಂದರೇ ಜಾಸ್ತಿ. ನೀರು ಹೋಗಲು ತೋಡಿಲ್ಲ, ಹೊಳೆಯಿಲ್ಲ. ತಗ್ಗಿನಲ್ಲಿ ನಿಂತದ್ದನ್ನು ಪಂಪು ಹಾಕಿ ಟ್ಯಾಂಕರಿಗೆ ತುಂಬಿ ಸಾಗಿಸಬೇಕು. ಶಾರ್ಜಾದ ಅಲ್ ಮಜಾಜ್, ಖಾಸಿಮಿಯಾ ಕಡೆ ದಿನಗಟ್ಟಲೆ ಹಾಗೇ ನಿಂತಿತ್ತು.

ಇಂಥ ಹೊತ್ತಿನಲ್ಲಿ ಮೊದಲ ಕೆಲಸ ಗುಡಿಸುವುದಲ್ಲ, ಮೆಟ್ಟಿಲು ಹತ್ತುವುದು. ಕರೆಂಟು ಹೋದರೆ ಲಿಫ್ಟ್ ಇಲ್ಲ. ಪಂಪೂ ಓಡುವುದಿಲ್ಲ, ಹಾಗಾಗಿ ಮೇಲಿನವರ ನಲ್ಲಿಯಲ್ಲಿ ನೀರೂ ಇಲ್ಲ. ಕುಡಿಯುವ ನೀರಿನ ಕ್ಯಾನು, ಹಸುಗೂಸಿನ ಹಾಲಿನ ಪುಡಿ, ಮುದುಕರ ಸಕ್ಕರೆ ಕಾಯಿಲೆಯ ಮದ್ದು, ಎಲ್ಲವನ್ನೂ ಹೊತ್ತೇ ಏರಬೇಕು. ಯಾವ ಮಹಡಿಯಲ್ಲಿ ಯಾರಿಗೆ ಏನು ಬೇಕು ಅಂತ ನಾತೂರನಿಗೆ, ಅಂದರೆ ಕಟ್ಟಡ ನೋಡಿಕೊಳ್ಳುವ ಕಾವಲಿನವನಿಗೆ, ಗೊತ್ತಿರುತ್ತದೆ. ಅವನನ್ನು ಕೇಳದೆ ಬಾಗಿಲು ಬಡಿಯುತ್ತಾ ಹೋದರೆ ಸುಮ್ನೆ ಕಾಲು ನೋವು.

ಇಲ್ಲಿ ನಿನಗೊಂದು ಅನುಕೂಲ ಉಂಟು. ಮಲಯಾಳ, ತುಳು, ಬ್ಯಾರಿ, ಕನ್ನಡ, ಹಿಂದಿ ಎಲ್ಲ ನಿನ್ನ ಬಾಯಲ್ಲಿವೆ. ಕೋಯಿಕ್ಕೋಡಿನ ಗ್ರೋಸರಿಯವನಿಗೂ ಬಿಹಾರದ ಕೆಲಸದವನಿಗೂ ನಡುವೆ ಮಾತು ದಾಟಿಸುವವನು ಆ ದಿನಗಳಲ್ಲಿ ತುಂಬಾ ಬೇಕು. ನಮ್ಮ ಕಾಸರಗೋಡಿನ ಹುಡುಗರಿಗೆ ಇದರ ಬೆಲೆ ಗೊತ್ತಿಲ್ಲ.

ಇನ್ನು ಕೆಸರು. ಮಧೂರಿನಲ್ಲಿ ಮಧುವಾಹಿನಿ ಹೊಳೆ ದೇವಸ್ಥಾನದೊಳಗೆ ನುಗ್ಗುವುದನ್ನು ನೀನು ನೋಡಿಯೇ ಇರುತ್ತೀ. ಇಳಿಯುವ ನೀರಿನಲ್ಲೇ ಕೆಸರು ತಳ್ಳಿಬಿಟ್ಟರೆ ಕೆಲಸ ಹಗುರ, ಒಣಗಿದರೆ ಕಷ್ಟ ಅಂತ ಊರಿನವರಿಗೆ ಗೊತ್ತು. ಆ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಇಲ್ಲಿ ನಿಲ್ಲುವ ನೀರಿನಲ್ಲಿ ಚರಂಡಿಯದ್ದೂ ಕಾರುಗಳ ಎಣ್ಣೆಯೂ ಬೆರೆತಿರುತ್ತದೆ. ಚಪ್ಪಲಿಯಲ್ಲಿ ಇಳಿಯಬೇಡ; ಮೊಣಕಾಲಿನವರೆಗಿನ ರಬ್ಬರ್ ಬೂಟು, ಗ್ಲೌಸ್ ಬೇಕೇ ಬೇಕು. ಕಾಲಲ್ಲಿ ಗಾಯ ಇದ್ದರೆ ಆ ದಿನ ಮೇಲೇ ಇರು. ಎಲೆಕ್ಟ್ರಿಷಿಯನ್ ನೋಡದೆ ಯಾವ ಸ್ವಿಚ್ಚೂ ಮುಟ್ಟಬೇಡ. ಅಂಗಡಿಯ ಹಾಳಾದ ಸಾಮಾನು ಎಸೆಯುವ ಮೊದಲು ಯಜಮಾನ ಫೋಟೋ ತೆಗೆದನಾ ಕೇಳು, ಇನ್ಶೂರೆನ್ಸಿಗೆ ಬೇಕಾಗುತ್ತದೆ. ಮುಳುಗಿದ್ದ ಕಾರನ್ನು "ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ" ಅನ್ನುವವರು ಸಿಕ್ಕೇ ಸಿಗುತ್ತಾರೆ. ತಡೆ. ಎಂಜಿನ್ನಿಗೆ ನೀರು ಹೋಗಿದ್ದರೆ ಅಲ್ಲಿಗೇ ಮುಗಿಯಿತು.

ಕಾನೂನು ಕೇಳಿದ್ದೀಯಲ್ಲ. ಪರವಾನಗಿ ಇಲ್ಲದೆ ಚಂದಾ ಎತ್ತುವುದು ಇಲ್ಲಿ ಅಪರಾಧ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೂ ಅಷ್ಟೇ, ಲಕ್ಷಗಟ್ಟಲೆ ದಿರ್ಹಮ್ ದಂಡ ಬೀಳಬಹುದು, ಜೈಲೂ ಆಗಬಹುದು. ಊರಿನಲ್ಲಿ ಕಂಬಳಕ್ಕೋ ಜಾತ್ರೆಗೋ ರಶೀದಿ ಪುಸ್ತಕ ಹಿಡಿದು ಹೊರಟ ಹಾಗೆ ಇಲ್ಲಿ ಹೊರಡಬೇಡ. ಕೊಡುವ ಮನಸ್ಸಿದ್ದವರಿಗೆ ರೆಡ್ ಕ್ರೆಸೆಂಟ್ ಎಂಬ ನೆರವಿನ ಸಂಸ್ಥೆ ತೋರಿಸು. ದುಡಿಯುವ ಮನಸ್ಸಿದ್ದರೆ ಎಮಿರೇಟ್ಸ್ ಐಡಿ (ಇಲ್ಲಿನ ಗುರುತು ಚೀಟಿ) ಬಂದ ಮೇಲೆ ಸರ್ಕಾರದ ಸ್ವಯಂಸೇವಕರ ಪಟ್ಟಿಯಲ್ಲಿ ಹೆಸರು ಬರೆಸು, ಇಲ್ಲವಾದರೆ ಶಾರ್ಜಾದ ಇಂಡಿಯನ್ ಅಸೋಸಿಯೇಷನ್‌ನಂಥ ಪರವಾನಗಿ ಇರುವ ಸಂಘದ ಜೊತೆ ಸೇರು. ಮಳೆ ಬಂದ ಮೇಲೆ ಓಡಾಡುವುದಲ್ಲ, ಈಗಲೇ ಮಾಡು.

ಕೇಳಿದ ಸುದ್ದಿಯನ್ನು ದಾಟಿಸುವುದೂ ಬೇಡ. ಆ ಸಲ "ಮೋಡ ಬಿತ್ತನೆಯಿಂದ ಹೀಗಾಯಿತು" ಅಂತ ಎಲ್ಲರ ಫೋನಿನಲ್ಲೂ ಓಡಾಡಿತು. ಹವಾಮಾನ ಇಲಾಖೆ ಅದನ್ನು ಅಲ್ಲಗಳೆಯಿತು. ವಿಪತ್ತಿನ ಹೊತ್ತಿನಲ್ಲಿ ಸುಳ್ಳು ಸುದ್ದಿ ಹರಡಿದರೆ ಕನಿಷ್ಠ 2 ವರ್ಷ ಜೈಲು, ಕನಿಷ್ಠ 2 ಲಕ್ಷ ದಿರ್ಹಮ್ ದಂಡ ಅಂತ 2021ರ ಸೈಬರ್ ಕಾನೂನಿನಲ್ಲಿದೆ.

ನೀನಿನ್ನೂ ಪ್ರೊಬೇಷನ್‌ನಲ್ಲಿದ್ದೀಯ, ಕಂಪನಿಗೆ ಹೇಳದೆ ರಜೆ ಹಾಕಬೇಡ. ಕೆಲಸ ಬಿಟ್ಟ ಮೇಲೆ ಸಂಜೆ ಬಂದರೂ ಸಾಕು, ಆಗಲೇ ಜನ ಕಡಿಮೆ ಇರುವುದು.

ನೆಲಮಹಡಿಯ ರೂಮಿಗೆ ಬಾಡಿಗೆ ಕಡಿಮೆ, ಹಿಡಿಯಲಾ ಅಂತಲೂ ಕೇಳಿದ್ದೀಯ. ಅಡ್ವಾನ್ಸ್ ಕೊಡುವ ಮೊದಲು ಅಲ್ಲಿನ ನಾತೂರನನ್ನು ಚಹಾಕ್ಕೆ ಕರೆ. ಆ ಏಪ್ರಿಲ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳು. ಬಾಗಿಲು ದಾಟಿತ್ತು ಅಂದರೆ ಬೇಡ, ಮೇಲೆಲ್ಲಾದರೂ ಬೆಡ್‌ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ) ನೋಡು.