ಸಿಎಂಐಪಿ-6 ಮಾದರಿಗಳಲ್ಲಿ ಯಾವುದು ಉತ್ತಮ ಎಂದು ನೋಡಲು ಯಾವ ತಂತ್ರಾಂಶ ಬಳಸಬೇಕು?

ನಿಮ್ಮ ಬಳಿ ನಾಲ್ಕು ಸಿಎಂಐಪಿ-6 ಮಾದರಿಗಳ (ಹಲವು ದೇಶಗಳ ಸಂಸ್ಥೆಗಳು ಒಂದೇ ಯೋಜನೆಯಡಿ ಓಡಿಸಿದ ಹವಾಮಾನದ ಕಂಪ್ಯೂಟರ್ ಮಾದರಿಗಳ) ತಿಂಗಳವಾರು ಮಳೆ ಮತ್ತು ಉಷ್ಣಾಂಶದ ಫೈಲುಗಳಿವೆ. ಇವುಗಳಲ್ಲಿ ಯಾವುದು ಉತ್ತಮ ಎಂದು ನೋಡಲು ಇಂಥ ಮಾದರಿಗಳನ್ನು ವೀಕ್ಷಣೆಗೆ ಹೋಲಿಸುವ ಸಿದ್ಧ ತಂತ್ರಾಂಶವಾದ ಇಎಸ್‌ಎಂವಾಲ್‌ಟೂಲ್ ಹಾಕಿಕೊಳ್ಳುವುದೋ, ಪೈಥಾನ್‌ನಲ್ಲಿ ಸ್ವಂತ ಕೋಡ್ ಬರೆಯುವುದೋ ಎಂದು ಕೇಳಿದ್ದೀರಿ. ಎರಡನ್ನೂ ಮಾಡಿ, ಆದರೆ ಮೊದಲು ಒಂದೇ ಮಾದರಿಯ ಮಳೆಯನ್ನು ಸಿಡಿಒ (ಹವಾಮಾನದ ಫೈಲುಗಳ ಮೇಲೆ ಲೆಕ್ಕ ಮಾಡುವ ಆಜ್ಞೆಗಳ ಗುಚ್ಛ) ಅಥವಾ ಎಕ್ಸ್‌ಅರೇ (ಪೈಥಾನ್‌ನ ಒಂದು ಲೈಬ್ರರಿ) ಬಳಸಿ ಕೈಯಾರೆ ಲೆಕ್ಕ ಹಾಕಿ. ದೊಡ್ಡ ಟೂಲು ಕೊಡುವ ಅಂಕಿಯನ್ನು ಒರೆಗೆ ಹಚ್ಚಲು ನಿಮ್ಮ ಕೈಯಲ್ಲಿ ಒಂದು ಅಂಕಿ ಇರಲೇಬೇಕು.

ಮಳೆಯ ಫೈಲಿನಲ್ಲಿರುವುದು ಚದರ ಮೀಟರಿಗೆ, ಸೆಕೆಂಡಿಗೆ ಇಷ್ಟು ಕಿಲೋಗ್ರಾಂ ಎಂಬ ಮಾನ. 86,400ರಿಂದ ಗುಣಿಸಿದರೆ ದಿನಕ್ಕೆ ಮಿಲಿಮೀಟರ್ ಸಿಗುತ್ತದೆ. ಜಾಗತಿಕ ಸರಾಸರಿ 3 ಮಿ.ಮೀ. ಆಸುಪಾಸಿನಲ್ಲಿ ಬರಬೇಕು. ತೀರಾ ಬೇರೆ ಬಂದರೆ ಮಾದರಿಯನ್ನು ದೂರುವ ಮೊದಲು ನಿಮ್ಮ ಸರಾಸರಿಯನ್ನೇ ನೋಡಿ. ಸಿಡಿಒದ ಫೀಲ್ಡ್ ಮೀನ್ ಆಜ್ಞೆ ವಿಸ್ತೀರ್ಣದ ತೂಕವನ್ನು ತಾನೇ ಸೇರಿಸುತ್ತದೆ. ಎಕ್ಸ್‌ಅರೇಯ ಸಾದಾ ಮೀನ್ ಸೇರಿಸುವುದಿಲ್ಲ. ಮಾದರಿ ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡಿರುತ್ತದೆ; 60 ಡಿಗ್ರಿ ಅಕ್ಷಾಂಶದ ಚೌಕದ ವಿಸ್ತೀರ್ಣ ಸಮಭಾಜಕದಲ್ಲಿರುವುದರ ಅರ್ಧದಷ್ಟೇ. ಆದ್ದರಿಂದ ಅಕ್ಷಾಂಶದ ಕೊಸೈನನ್ನು ತೂಕವಾಗಿ ಕೊಡದಿದ್ದರೆ ಧ್ರುವಗಳ ಪಾಲು ಸುಮ್ಮನೆ ಹಿಗ್ಗುತ್ತದೆ.

ಮುಂದಿನದು ಗ್ರಿಡ್, ಅಂದರೆ ಈ ಚೌಕಗಳ ಜಾಲ. ಎಲ್ಲವನ್ನೂ ಅವುಗಳಲ್ಲೇ ಒರಟಾದ ಗ್ರಿಡ್‌ಗೆ ಇಳಿಸಿ, ಉದಾಹರಣೆಗೆ 2 ಡಿಗ್ರಿಗೆ. ಒರಟಾದದ್ದನ್ನು ಸೂಕ್ಷ್ಮಕ್ಕೆ ಏರಿಸಿದರೆ ಇಲ್ಲದ ವಿವರ ಇದ್ದಂತೆ ಕಾಣುತ್ತದೆ. ಮಳೆಗೆ ಒಟ್ಟು ಮೊತ್ತವನ್ನು ಉಳಿಸುವ ಕನ್ಸರ್ವೇಟಿವ್ ವಿಧಾನವೇ ಆಗಬೇಕು, ಸುತ್ತಲಿನ ಬಿಂದುಗಳಿಂದ ಅಂದಾಜಿಸುವ ಬೈಲೀನಿಯರ್‌ನಲ್ಲಿ ಒಟ್ಟು ನೀರಿನ ಲೆಕ್ಕ ಉಳಿಯುವುದಿಲ್ಲ. ಉಷ್ಣಾಂಶಕ್ಕೆ ಬೈಲೀನಿಯರ್ ಸಾಕು. ಕ್ಯಾಲೆಂಡರನ್ನೂ ಗಮನಿಸಿ: ಕೆಲವು ಮಾದರಿಗಳಲ್ಲಿ ವರ್ಷಕ್ಕೆ 360 ದಿನ, ಕೆಲವದರಲ್ಲಿ ಫೆಬ್ರವರಿ 29 ಇರುವುದೇ ಇಲ್ಲ. ದಿನಾಂಕ ಹೊಂದಿಸಿ ಕಳೆಯಲು ಹೊರಟರೆ ಖಾಲಿ ಫಲಿತಾಂಶ ಬರಬಹುದು. 1985–2014ರ ಹನ್ನೆರಡು ತಿಂಗಳ ಸರಾಸರಿ ಮಾಡಿಕೊಂಡು, ತಿಂಗಳ ಸಂಖ್ಯೆಯ ಮೇಲೆ ಹೋಲಿಸಿ.

ಹೊಸಬರು ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ. 'ಹಿಸ್ಟಾರಿಕಲ್' ಪ್ರಯೋಗದಲ್ಲಿ, ಅಂದರೆ ಕಳೆದ ಕಾಲದ ಹವಾಮಾನವನ್ನು ಮರುಸೃಷ್ಟಿಸುವ ಓಟದಲ್ಲಿ, ಸಾಗರವೂ ಮಾದರಿಯದ್ದೇ, ಅದು ತನ್ನ ಪಾಡಿಗೆ ಓಡುತ್ತದೆ. 1997–98ರ ಎಲ್ ನಿನೊ ಅದರಲ್ಲಿ ಅದೇ ವರ್ಷ ಬರಬೇಕೆಂಬ ನಿಯಮವಿಲ್ಲ. ಹಾಗಾಗಿ ವರ್ಷದಿಂದ ವರ್ಷಕ್ಕಾಗುವ ಏರಿಳಿತವನ್ನು ವೀಕ್ಷಣೆಯ ಅದದೇ ವರ್ಷದೊಂದಿಗೆ ಇಟ್ಟು ಸಹಸಂಬಂಧ ಲೆಕ್ಕ ಹಾಕಿ "ಮಾದರಿ ಕೆಟ್ಟದು" ಎನ್ನುವುದಕ್ಕೆ ಅರ್ಥವೇ ಇಲ್ಲ. ಇಲ್ಲಿ ಸರಾಸರಿ, ಋತುಚಕ್ರ, ಏರಿಳಿತದ ಪ್ರಮಾಣ ಇವನ್ನು ಮಾತ್ರ ಹೋಲಿಸಬಹುದು. ವರ್ಷಕ್ಕೆ ವರ್ಷ ಹೋಲಿಸಲೇಬೇಕಿದ್ದರೆ 'ಎಎಂಐಪಿ' ಪ್ರಯೋಗದ ಫೈಲು ತನ್ನಿ. ಅದಕ್ಕೆ 1979ರಿಂದ ಕಂಡ ಸಮುದ್ರದ ಉಷ್ಣಾಂಶವನ್ನೇ ಉಣಿಸಿರುತ್ತಾರೆ. ಅಲ್ಲೂ ವಾತಾವರಣದ ಸ್ವಂತ ಏರಿಳಿತ ಉಳಿದೇ ಇರುತ್ತದೆ.

ವೀಕ್ಷಣೆಗೂ ಇಷ್ಟೇ ಎಚ್ಚರ ಬೇಕು. ಇಆರ್‌ಎ5 (ವೀಕ್ಷಣೆಗಳನ್ನು ಮಾದರಿಯೊಂದಿಗೆ ಬೆರೆಸಿ ತಯಾರಿಸಿದ ದತ್ತಾಂಶ) ಉಷ್ಣಾಂಶಕ್ಕೆ ಒಳ್ಳೆಯದು, ಆದರೆ ಅದರ ಮಳೆ ಒಂದು ಮುನ್ಸೂಚನಾ ಮಾದರಿ ಸುರಿಸಿದ ಮಳೆ. ಮಳೆಗೆ ಜಿಪಿಸಿಪಿ (ಉಪಗ್ರಹ ಮತ್ತು ಮಳೆಮಾಪಕಗಳನ್ನು ಸೇರಿಸಿ ಮಾಡಿದ ದತ್ತಾಂಶ) ಇಟ್ಟುಕೊಂಡು, ಎರಡನೆಯದಾಗಿ ಇನ್ನೊಂದು ದತ್ತಾಂಶದ ಜೊತೆಗೂ ಹೋಲಿಸಿ. ಎರಡು ವೀಕ್ಷಣೆಗಳ ನಡುವಿನ ವ್ಯತ್ಯಾಸವೇ ಮಾದರಿಯ ದೋಷದಷ್ಟಿದ್ದರೆ ಆ ಪ್ರದೇಶದಲ್ಲಿ ತೀರ್ಪು ಕೊಡಬೇಡಿ.

ಇಷ್ಟಾದ ಮೇಲೆ ಇಎಸ್‌ಎಂವಾಲ್‌ಟೂಲ್. ಕೊಂಡಾ-ಫೋರ್ಜ್ ಎಂಬ ತಂತ್ರಾಂಶ ಭಂಡಾರದಿಂದ ಪ್ರತ್ಯೇಕ ಎನ್ವಿರಾನ್ಮೆಂಟ್‌ನಲ್ಲೇ ಹಾಕಿ. ವಿಂಡೋಸ್ ಇದ್ದರೆ ಅದರೊಳಗಿನ ಲಿನಕ್ಸ್‌ನಲ್ಲಿ. ಮಾದರಿಗಳ ಪಟ್ಟಿ, ಗ್ರಿಡ್, ಅವಧಿ ಎಲ್ಲವನ್ನೂ 'ರೆಸಿಪಿ' ಎಂಬ ಒಂದು ಯಾಮಲ್ ಫೈಲಿನಲ್ಲಿ ಬರೆಯುತ್ತೀರಿ. ಯಾಮಲ್‌ನಲ್ಲಿ ಸಾಲಿನ ಮುಂದೆ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಮೊದಲ ಸಲ ಐದು ವರ್ಷದ ದತ್ತಾಂಶ ಮಾತ್ರ ಕೊಡಿ. ನಿಂತುಹೋದರೆ ರನ್ ಫೋಲ್ಡರಿನ ಡೀಬಗ್ ಲಾಗ್ ತೆರೆಯಿರಿ. ಮೆಮೊರಿ ಸಾಲದಿದ್ದರೆ ಸಮಾನಾಂತರ ಕೆಲಸಗಳ ಮಿತಿಯನ್ನು ಒಂದಕ್ಕೆ ಇಳಿಸಿ. ಹಲವು ಮಾದರಿಗಳ ಫೈಲುಗಳಲ್ಲಿರುವ, ಈಗಾಗಲೇ ಪತ್ತೆಯಾದ ದೋಷಗಳನ್ನು ಅದು ಓದುವಾಗಲೇ ತಿದ್ದಿಕೊಳ್ಳುತ್ತದೆ. ಸ್ವಂತ ಕೋಡ್‌ನಲ್ಲಿ ಈ ಅನುಕೂಲ ಸಿಗುವುದು ಕಷ್ಟ, ನಾನು ಇದನ್ನು ಹೇಳಲು ಮುಖ್ಯ ಕಾರಣವೂ ಅದೇ.

ಟೇಲರ್ ಚಿತ್ರ (ಪ್ರತಿ ಮಾದರಿ ವೀಕ್ಷಣೆಗೆ ಎಷ್ಟು ಹತ್ತಿರ ಎಂದು ಬಿಂದುವಾಗಿ ತೋರಿಸುವ ಚಿತ್ರ) ಬರೆದಾಗ ಒಂದು ಮಾತು ನೆನಪಿರಲಿ. ಅದು ಸರಾಸರಿಯನ್ನು ಕಳೆದು ಉಳಿದದ್ದನ್ನಷ್ಟೇ ತೋರಿಸುತ್ತದೆ. ಎಲ್ಲೆಡೆ 3 ಡಿಗ್ರಿ ಹೆಚ್ಚು ಬಿಸಿ ಇರುವ ಮಾದರಿಯೂ ಅಲ್ಲಿ ವೀಕ್ಷಣೆಯ ಪಕ್ಕದಲ್ಲೇ ಕೂರಬಹುದು. ಹಾಗಾಗಿ ಬಯಾಸ್‌ನ, ಅಂದರೆ ಮಾದರಿಯ ಸರಾಸರಿ ವೀಕ್ಷಣೆಯಿಂದ ಎಷ್ಟು ಸರಿದಿದೆ ಎಂಬುದರ, ನಕ್ಷೆಯನ್ನು ಬೇರೆಯಾಗಿ ಹಾಕಲೇಬೇಕು.

ಭೂಮಿಯ ಮೇಲಿನ ಇಂಗಾಲ, ಸಸ್ಯರಾಶಿ ನಿಮ್ಮ ವಿಷಯವಾದರೆ ಐಲ್ಯಾಂಬ್ ಎಂಬ ತಂತ್ರಾಂಶ ನೋಡಿ. ಎಲ್ ನಿನೊ ಥರದ ಏರಿಳಿತಗಳಿಗೆ ಸಿವಿಡಿಪಿ. ಹತ್ತಾರು ಮಾದರಿಗಳ ಅಂಕಪಟ್ಟಿ ಒಂದೇ ಚಿತ್ರದಲ್ಲಿ ಬೇಕಾದರೆ ಪಿಎಂಪಿ.

ಇನ್ನು, ನಾಲ್ಕರಲ್ಲಿ ಒಂದನ್ನು ಆರಿಸುವ ಮೊದಲು, ಒಂದೇ ಮಾದರಿಯನ್ನು ಬೇರೆ ಬೇರೆ ಆರಂಭಸ್ಥಿತಿಯಿಂದ ಓಡಿಸಿದ ಸದಸ್ಯ ಓಟಗಳನ್ನು, ಅಂದರೆ ಹೆಸರಿನಲ್ಲಿ ಆರ್1, ಆರ್2, ಆರ್3 ಎಂದಿರುವ ಫೈಲುಗಳನ್ನು, ಇದೇ ರೆಸಿಪಿಯಲ್ಲಿ ಓಡಿಸಿ. ಅವುಗಳ ಅಂಕಗಳು ತಮ್ಮತಮ್ಮಲ್ಲೇ ಎಷ್ಟು ಚದುರಿವೆಯೋ ಅದಕ್ಕಿಂತ ಎರಡು ಮಾದರಿಗಳ ಅಂತರ ಕಡಿಮೆಯಿದ್ದರೆ, ಅವೆರಡರಲ್ಲಿ ಒಂದು ಮೇಲು ಎಂದು ಬರೆಯಬೇಡಿ.