ಎರಡು ರಿಲೇ ಇದ್ದರೆ ಗ್ರಿಡ್ ಉಳಿಯುತ್ತಿತ್ತಾ?

ಪ್ರಶ್ನೆ: ನಾನು ರಾಯಚೂರಿನ ಡಿಪ್ಲೊಮಾ ಎಲೆಕ್ಟ್ರಿಕಲ್ ವಿದ್ಯಾರ್ಥಿ. 2012ರ ಜುಲೈನಲ್ಲಿ ಉತ್ತರ ಭಾರತದ ಗ್ರಿಡ್ ಬಿದ್ದಾಗ, ಫಾಲ್ಟೇ ಇಲ್ಲದ ಲೈನನ್ನು ರಿಲೇ ಟ್ರಿಪ್ ಮಾಡಿತ್ತು ಎಂದು ಓದಿದೆ. ಇದು ಹೇಗೆ ಸಾಧ್ಯ ಸರ್? ಒಂದರ ಬದಲು ಎರಡು ರಿಲೇ ಇದ್ದಿದ್ದರೆ ತಪ್ಪುತ್ತಿತ್ತಾ?

ಉತ್ತರ: ತಪ್ಪುತ್ತಿರಲಿಲ್ಲ. ರಿಲೇ ಎಂದರೆ ಲೈನಿನಲ್ಲಿ ದೋಷ (ಫಾಲ್ಟ್) ಕಂಡಾಗ ಅದನ್ನು ಕಡಿದುಹಾಕಲು (ಟ್ರಿಪ್) ಹೇಳುವ ಕಾವಲು ಸಾಧನ. 400 ಕೆವಿ ಲೈನಿಗೆ ಸಾಮಾನ್ಯವಾಗಿ ಮೇನ್-1, ಮೇನ್-2 ಎಂದು ಎರಡು ರಿಲೇ ಇದ್ದೇ ಇರುತ್ತವೆ.

ಅಂದು ಟ್ರಿಪ್ ಆದದ್ದು ಬಿನಾ–ಗ್ವಾಲಿಯರ್ ಲೈನು. ಅದರ ಜೋಡಿ ಲೈನು ಕೆಲಸಕ್ಕಾಗಿ ಬಂದ್ ಆಗಿತ್ತು. ಹಾಗಾಗಿ ಇದ್ದೊಂದು ಲೈನಿನ ಮೇಲೆ ಲೋಡ್ ವಿಪರೀತ ಬಿತ್ತು. ಇಂಥ ಲೈನು ಕಾಯುವ ಡಿಸ್ಟೆನ್ಸ್ ರಿಲೇ ಫಾಲ್ಟನ್ನು ನೇರವಾಗಿ ನೋಡುವುದಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಲೆಕ್ಕ ಹಾಕುತ್ತದೆ, ಅಷ್ಟೇ. ಕರೆಂಟ್ ಜಾಸ್ತಿಯಾಗಿ ವೋಲ್ಟೇಜ್ ಕುಸಿದರೆ ಆ ಲೆಕ್ಕದ ಉತ್ತರ ಸಣ್ಣದಾಗುತ್ತದೆ; ಫಾಲ್ಟ್ ಆದಾಗಲೂ ಹೀಗೇ ಆಗುತ್ತದೆ. ರಿಲೇ ಕಾಯುವ ದೂರವನ್ನು ಜೋನ್ ಎಂಬ ಹಂತಗಳಾಗಿ ಹಂಚಿರುತ್ತಾರೆ; ದೂರದವರೆಗೆ ಕಣ್ಣಿಡುವ ಮೂರನೇ ಜೋನ್ ಅದನ್ನು ಫಾಲ್ಟ್ ಎಂದೇ ತಿಳಿಯುತ್ತದೆ. ಜುಲೈ 30ರ ನಡುರಾತ್ರಿ ಕಳೆದು 2.33ಕ್ಕೆ ಆದದ್ದು ಇದೇ. ಮರುದಿನ ಮಧ್ಯಾಹ್ನ ಅದೇ ಲೈನು, ಅದೇ ಜೋನ್! ಆ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ ಬಿದ್ದವು.

ಈಗ ನಿಮ್ಮ ಎರಡು ರಿಲೇ ಲೆಕ್ಕ. ಒಂದು ರಿಲೇ 100 ಫಾಲ್ಟಿಗೆ ಒಮ್ಮೆ ಸುಮ್ಮನಿದ್ದುಬಿಡುತ್ತದೆ ಎನ್ನೋಣ. ಯಾವುದಾದರೂ ಒಂದು ಹೇಳಿದರೂ ಬ್ರೇಕರ್ (ಲೈನನ್ನು ಕಡಿಯುವ ಸ್ವಿಚ್) ತೆರೆಯುವಂತೆ ಎರಡನ್ನು ಜೋಡಿಸಿದರೆ, ಎರಡೂ ಒಟ್ಟಿಗೆ ಸುಮ್ಮನಿರುವುದು 10,000ಕ್ಕೆ ಒಮ್ಮೆ. ಆದರೆ ಸುಮ್‌ಸುಮ್ನೆ ಟ್ರಿಪ್ ಆಗುವ ಸಂಭವ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಎರಡೂ ಹೇಳಿದರೆ ಮಾತ್ರ ಟ್ರಿಪ್ ಎಂದರೆ ಕಥೆ ತಿರುಗುಮುರುಗು. ಅದಕ್ಕೇ ಕೆಲವು ಕಡೆ ಮೂರರಲ್ಲಿ ಎರಡರ ಒಪ್ಪಿಗೆ ಕೇಳುತ್ತಾರೆ. ಈ ಲೆಕ್ಕವೂ ನಿಲ್ಲುವುದು ರಿಲೇಗಳು ನಿಜಕ್ಕೂ ಬೇರೆಬೇರೆ ಇದ್ದಾಗ. ಎರಡಕ್ಕೂ ಒಂದೇ ಬ್ಯಾಟರಿ, ಒಂದೇ ಟ್ರಿಪ್ ಕಾಯಿಲ್ (ಬ್ರೇಕರನ್ನು ತೆರೆಸುವ ಸುರುಳಿ) ಇದ್ದರೆ 10,000ದ ಮಾತು ಬರೀ ಕಾಗದದ್ದು. ಸೆಟ್ಟಿಂಗೇ ತಪ್ಪಿದ್ದರೆ ಎರಡೂ ಸೇರಿಯೇ ತಪ್ಪುತ್ತವೆ. ಆದ್ದರಿಂದ ಇನ್ನೊಂದು ರಿಲೇ ಕೊಳ್ಳುವ ಮೊದಲು ಸೆಟ್ಟಿಂಗ್ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ. ಲೈನು ಹೊರಬಹುದಾದ ಅತಿ ಹೆಚ್ಚಿನ ಲೋಡಿನಲ್ಲೂ ಮೂರನೇ ಜೋನ್ ಎಚ್ಚರಗೊಳ್ಳಬಾರದು.

ಇದು ನಿಮ್ಮ ಊರಿಗೂ ಸಂಬಂಧಿಸಿದ್ದೇ. ಆಗ ದಕ್ಷಿಣ ಗ್ರಿಡ್ ಉತ್ತರದೊಂದಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಬೆಸೆದಿರಲಿಲ್ಲ, ಅದರಿಂದ ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನು ಅದನ್ನು ಬೆಸೆಯಿತು. ಈಗ ಅಲ್ಲಿನ ಪೆಟ್ಟು ಇಲ್ಲಿಗೂ ತಾಗುತ್ತದೆ. ಫ್ರೀಕ್ವೆನ್ಸಿ ಕುಸಿದಾಗ ಫೀಡರ್‌ಗಳನ್ನು (ಊರುಗಳಿಗೆ ಕರೆಂಟ್ ಒಯ್ಯುವ ಲೈನುಗಳನ್ನು) ಕತ್ತರಿಸಿ ಗ್ರಿಡ್ ಉಳಿಸುವ ರಿಲೇಗಳಿವೆ ಅಲ್ವಾ? 2012ರಲ್ಲಿ ಅವುಗಳಿಂದ ಸಾಕಷ್ಟು ಲೋಡ್ ಇಳಿಯಲಿಲ್ಲ. ನೀವು ತರಬೇತಿಗೆ ಹೋಗುವ ಸಬ್‌ಸ್ಟೇಷನ್‌ನಲ್ಲಿ ಅವನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದು ಎಂದು ಕೇಳಿ.